ಶುಕ್ರವಾರ ಬರುತ್ತಿದ್ದ ಫೋನು

ಸತ್ತವರ ಬಗ್ಗೆ ಜನ ಹೇಳುವ ಕತೆಗಳನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡುತ್ತಿದ್ದವನು ನಾನು. ಬಳ್ಳಾರಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಕಂಡದ್ದನ್ನು ಬರೆಯುವುದು, ಕಾಣದ್ದನ್ನು ಬಿಡುವುದು ರೂಢಿಯಾಗಿಬಿಟ್ಟಿದೆ. ಈಗ ನಾನು ಬರೆಯಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವನು ನಾನೇ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಲಿಂಗಸುಗೂರಿನಲ್ಲಿ ಡಿಗ್ರಿ ಓದುವಾಗ ನಾವು ನಾಲ್ವರು ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಪಾಮನಕಲ್ಲೂರಿನ ಬಸವರಾಜ, ತುರ್ವಿಹಾಳದ ವಿರುಪಾಕ್ಷಿ, ಮುಕ್ಕುಂದದ ಹುಸೇನ ಮತ್ತು ನಾನು. ಯಾರ ದನಿಯಾದರೂ ಸರಿ, ಎರಡು ದಿನ ಕೇಳಿದರೆ ಹುಸೇನನಿಗೆ ಬಂದುಬಿಡುತ್ತಿತ್ತು. ಕ್ಲಾಸಿನಲ್ಲಿ ನಮ್ಮೆಲ್ಲರ ಹಾಜರಿ ಅವನೇ ಕೂಗುತ್ತಿದ್ದ. ನಾವು ಸಿಂಧನೂರಿಗೆ ಸಿನಿಮಾಕ್ಕೆ ಹೋದ ದಿನ ನಾನು ಕೋಣೆಯಲ್ಲಿ ಬಿಟ್ಟುಹೋಗಿದ್ದ ಫೋನಿನಿಂದ ನನ್ನ ಅಪ್ಪನಿಗೆ ನನ್ನದೇ ದನಿಯಲ್ಲಿ ಮಾತಾಡಿ, ಓದುತ್ತಾ ಕೂತಿದ್ದೇನೆ ಎಂದು ಹೇಳಿದ್ದೂ ಉಂಟು. ಅವನನ್ನು ನೋಡಿ ನಾವೂ ಅಷ್ಟಿಷ್ಟು ಕಲಿತೆವು.

ಆಗ ಅವನ ಹತ್ತಿರ ಫೋನಿರಲಿಲ್ಲ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ನನ್ನ ಫೋನಿನಿಂದ ತಾಯಿಯ ಜೊತೆ ಮಾತಾಡುತ್ತಿದ್ದ. ಒಂದು ಶುಕ್ರವಾರ ಅವನು ಬರುವುದು ತಡವಾಯಿತೆಂದು ಅವನ ದನಿಯಲ್ಲಿ ನಾನೇ ಎರಡು ಮಾತಾಡಿ ಇಟ್ಟೆ. ಅವರಿಗೆ ಗೊತ್ತೇ ಆಗಲಿಲ್ಲ. ಅವರನ್ನು ನಾವೂ ಅಮ್ಮಿ ಎಂದೇ ಕರೆಯುತ್ತಿದ್ದೆವು. ಮುಂದೆ ಅವರ ಮನೆಗೆ ಹೋದಾಗ ಹುಸೇನ ಇದನ್ನು ಹೇಳಿಬಿಟ್ಟ. ಅಮ್ಮಿ ನನ್ನ ಕಿವಿ ಹಿಂಡಿ, ಹೊಟ್ಟೆ ತುಂಬ ಉಣ್ಣಿಸಿ ಕಳಿಸಿದ್ದರು.

ಡಿಗ್ರಿ ಮುಗಿದ ನಾಲ್ಕನೇ ವರ್ಷ ಹುಸೇನ ತೀರಿಕೊಂಡ. ರೈಸ್ ಮಿಲ್ಲಿನ ಕೆಲಸ ಮುಗಿಸಿ ಊರಿಗೆ ಬರುವಾಗ ಭತ್ತದ ಲಾರಿ ಅವನ ಬೈಕಿಗೆ ಹೊಡೆದಿತ್ತು. ನಾನು ಮಣ್ಣಿಗೆ ಹೋಗಲಿಲ್ಲ. ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಿಜವೆಂದರೆ ನಾನು ರಜೆಯನ್ನೇ ಕೇಳಿರಲಿಲ್ಲ. ಆ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಅದಾಗಿ ಒಂದು ವರ್ಷಕ್ಕೆ ಉಳಿದ ಮೂವರು ಎರಡು ದಿನದ ಮಟ್ಟಿಗೆ ತುರ್ವಿಹಾಳದಲ್ಲಿ ಸೇರಿದೆವು. ವಿರುಪಾಕ್ಷಿ ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಬಸವರಾಜ ಮಸ್ಕಿಯಲ್ಲಿ ಮಾಸ್ತರ. ಶನಿವಾರ ಮಸ್ಕಿಯ ಗುಡ್ಡ ಹತ್ತಿಳಿದು, ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು, ಹಾಸ್ಟೆಲಿನ ದಿನಗಳನ್ನು ನೆನೆದು ನಕ್ಕಿದ್ದೇ ನಕ್ಕಿದ್ದು. ಹುಸೇನನ ಹೆಸರು ಬರುವ ಕಡೆಯಲ್ಲೆಲ್ಲ ಮೂವರೂ ಮಾತು ಬದಲಿಸುತ್ತಿದ್ದೆವು. ಭಾನುವಾರ ಬೆಳಿಗ್ಗೆ ಬಸವರಾಜನೇ, ಅಮ್ಮಿಯನ್ನು ನೋಡದೆ ಹೋದರೆ ನಾವು ಮನುಷ್ಯರೇ ಅಲ್ಲ ಎಂದ. ವಿರುಪಾಕ್ಷಿಯ ಕಾರಿನಲ್ಲಿ ಮುಕ್ಕುಂದಕ್ಕೆ ಹೊರಟೆವು.

ಅಮ್ಮಿ ಹೊಸ್ತಿಲ ಬಳಿಯೇ ಕೂತಿದ್ದರು. ತೀರಾ ಇಳಿದುಹೋಗಿದ್ದರು. ಕಣ್ಣು ಮಂಜಾಗಿದ್ದರಿಂದ ಮುಖ ಮುಟ್ಟಿ ಒಬ್ಬೊಬ್ಬರನ್ನೇ ಗುರುತು ಹಿಡಿದರು. ಹುಸೇನನ ತಂಗಿ ಶಾಹೀನ ಚಹಾ ತಂದುಕೊಟ್ಟಳು. ನಾವು ಕುಡಿದು ಮುಗಿಸುವುದರೊಳಗೆ ಅಮ್ಮಿ ಕೇಳಿದರು.

"ಶುಕ್ರವಾರ ನನಗ ನಿಮ್ಮಾಗ ಯಾರಾದ್ರೂ ಫೋನ್ ಮಾಡಾಕತ್ತೀರೇನು ಬೇಟಾ?"

ನಮಗೆ ಅರ್ಥವಾಗಲಿಲ್ಲ. ಶಾಹೀನ ಬಿಡಿಸಿ ಹೇಳಿದಳು. ಮೂರು ತಿಂಗಳಿಂದ ಪ್ರತಿ ಶುಕ್ರವಾರ ನಮಾಜಿನ ಹೊತ್ತು ಮುಗಿಯುತ್ತಲೇ ಅಮ್ಮಿಗೆ ಫೋನು ಬರುತ್ತದೆ. ದನಿ ಹುಸೇನನದು. ಸಂಜೆಗೆ ಬರುತ್ತೇನೆ, ಉಣ್ಣದೆ ಇರು, ಕೂಡಿ ಉಣ್ಣೋಣ ಎನ್ನುತ್ತದೆ. ಅಮ್ಮಿ ಖಿಚಡಿ, ಅದಕ್ಕೆ ಹುಣಸೆಹುಳಿಯ ಖಟ್ಟಾ ಮಾಡಿಟ್ಟು ಹೊಸ್ತಿಲಲ್ಲಿ ಕೂರುತ್ತಾರೆ. ಬೆಳಗಾದರೂ ಏಳುವುದಿಲ್ಲ. ಈಗೀಗ ಉಳಿದ ದಿನಗಳಲ್ಲೂ ಊಟ ಸೇರುತ್ತಿಲ್ಲ. ಒಂದು ಸಲ ಶಾಹೀನಳೇ ಫೋನಿಗೆ ಕಿವಿಗೊಟ್ಟಿದ್ದಳು. ಅದು ಅಣ್ಣನ ದನಿಯೇ ಎಂದು ಹೇಳುವಾಗ ಅವಳು ಅತ್ತುಬಿಟ್ಟಳು.

ಆಮೇಲೆ ಆ ಸಣ್ಣ ಬಟನ್ ಫೋನು ತಂದು ನನ್ನ ಕೈಗಿಟ್ಟಳು. ಶುಕ್ರವಾರ ಮಧ್ಯಾಹ್ನ ಬಂದ ಕರೆಯ ಮುಂದೆ ಇದ್ದದ್ದು ನನ್ನ ನಂಬರು. ಅದರ ಹಿಂದಿನ ಶುಕ್ರವಾರವೂ ಅದೇ.

ಆ ಹೊತ್ತಿನಲ್ಲಿ ನಾನು ಲ್ಯಾಬಿನಲ್ಲಿರುತ್ತೇನೆ, ಫೋನು ಹೊರಗಿನ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ನನ್ನ ಫೋನು ತೆಗೆದು ಗೆಳೆಯರಿಗೆ ತೋರಿಸಿದೆ. ಅದರಲ್ಲಿ ಅಂಥ ಒಂದು ಕರೆಯೂ ಇರಲಿಲ್ಲ. ಬಸವರಾಜ ಮೆಲ್ಲಗೆ, "ಅಳಿಸಿದ್ರ ಅಳೀತಾವ ಬಿಡಲೇ" ಎಂದ. ವಿರುಪಾಕ್ಷಿ ನನ್ನ ಮುಖವನ್ನೇ ನೋಡಲಿಲ್ಲ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಶಾಹೀನ ನನ್ನನ್ನು ಹಿತ್ತಲಿಗೆ ಕರೆದಳು. "ಅಣ್ಣಾ, ನೀವು ಮಾಡೀರೋ ಇಲ್ಲೋ ನನಗ ಬ್ಯಾಡ. ನಾನೇ ಮಾಡೀನಿ ಅಂತ ಅಮ್ಮಿಗೆ ಹೇಳಿಬಿಡ್ರಿ. ಹಿಂಗ ಕಾಯಕೋತ ಕುಂತ್ರ ಆಕಿ ಉಳಿಯಾಂಗಿಲ್ಲ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಮಣ್ಣಿಗೂ ಬಾರದವನು ಇಷ್ಟಾದರೂ ಮಾಡಲಿ ಎಂದುಕೊಂಡೆ. ಒಳಗೆ ಬಂದು ಅಮ್ಮಿಯ ಕಾಲು ಹಿಡಿದು, ನಾನೇ ಮಾಡುತ್ತಿದ್ದೆ, ತಪ್ಪಾಯಿತು, ಇನ್ನು ಮಾಡುವುದಿಲ್ಲ ಎಂದೆ. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ನೀನಾ," ಎಂದರು. "ನಾ ಅವಾ ಅಂತ ತಿಳಿದಿದ್ದೆ."

ಅವತ್ತು ಮಧ್ಯಾಹ್ನ ಶಾಹೀನ ತಟ್ಟೆ ತಂದಿಟ್ಟರೆ ನಮ್ಮೆದುರೇ ಉಂಡರು. ಆ ಕೆಲಸ ನನ್ನದೇ ಎಂದು ಬಸವರಾಜ, ವಿರುಪಾಕ್ಷಿ ಇಬ್ಬರೂ ಇವತ್ತಿಗೂ ನಂಬಿದ್ದಾರೆ. ಮತ್ತೆ ನಾವು ಸೇರಿಲ್ಲ.

ಮುಂದಿನ ಶುಕ್ರವಾರ ಫೋನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಮ್ಮಿ ಸರಿಯಾಗಿ ಉಣ್ಣುತ್ತಿದ್ದಾರೆ ಎಂದು ಶಾಹೀನ ತಿಳಿಸಿದಳು. ನನಗೂ ಎದೆ ಹಗುರಾಯಿತು, ಸುಳ್ಳೇಕೆ ಹೇಳಲಿ. ಆ ನಂಬರಿನ ವಿಷಯ ಮಾತ್ರ ಬಗೆಹರಿಯಲಿಲ್ಲ. ಯಾರೋ ಕಿಡಿಗೇಡಿಯ ಕೆಲಸವೆನ್ನೋಣವೆಂದರೆ ಸತ್ತವನ ದನಿ ಅವನಿಗೆಲ್ಲಿಂದ ಬಂತು? ನಾನು ತಪ್ಪೊಪ್ಪಿಕೊಂಡ ಸುದ್ದಿ ಅವನಿಗೆ ಮುಟ್ಟಿ ಫೋನು ನಿಂತದ್ದು ಹೇಗೆ?

ಎರಡು ತಿಂಗಳ ಮೇಲೆ ಶಾಹೀನ ಮತ್ತೆ ಫೋನು ಮಾಡಿದಳು. ಅಮ್ಮಿಗೆ ಆ ದನಿಯನ್ನು ಒಂದೇ ಒಂದು ಸಲ ಕೇಳಬೇಕಂತೆ. ಅದು ನೀವೆಂದು ಗೊತ್ತಿದ್ದೇ ಕೇಳುತ್ತಿದ್ದಾರೆ, ಇಲ್ಲವೆನ್ನಬೇಡಿ ಎಂದಳು. ಶುಕ್ರವಾರ ಮಧ್ಯಾಹ್ನ ಲ್ಯಾಬಿನ ಮೆಟ್ಟಿಲ ಮೇಲೆ ಕೂತು, ಕಾಲೇಜು ಬಿಟ್ಟಮೇಲೆ ಎಂದೂ ತೆಗೆಯದ ಆ ದನಿಯನ್ನು ಎಷ್ಟೋ ಸಲ ಒಳಗೊಳಗೇ ಅಂದು ನೋಡಿ, ಫೋನು ಹಚ್ಚಿದೆ. ಹುಸೇನನ ಹಾಗೆ ಗಂಟಲು ಸರಿಮಾಡಿಕೊಂಡು, ಅಮ್ಮಿ, ಉಂಡ್ಯಾ ಎಂದೆ.

ಇನ್ನೊಮ್ಮೆ ಅನ್ನು ಎಂದರು ಅಮ್ಮಿ. ಮತ್ತೆ ಅಂದೆ.

"ನಿನಗ ಅವನ ದನಿ ಬರಾಂಗಿಲ್ಲ, ಬೇಟಾ," ಎಂದರು ಅಮ್ಮಿ. "ಹಂಗಾದ್ರ ಅಷ್ಟು ದಿನ ಮಾತಾಡಿದ್ದು ನನ್ನ ಮಗಾ. ಬರ್ತೀನಿ ಅನ್ನಾವನ್ನ ನೀ ಯಾಕ ಬರದಂಗ ಮಾಡಿದಿ?"

ಶುಕ್ರವಾರ ಬಂತೆಂದರೆ ಅಮ್ಮಿ ಮತ್ತೆ ಉಣ್ಣದೆ ಹೊಸ್ತಿಲಲ್ಲಿ ಕೂರುತ್ತಿದ್ದಾರಂತೆ. ಫೋನು ಮಾತ್ರ ಬರುವುದಿಲ್ಲ.