ತಪ್ಪಿ ಸೇರಿದ ಹದಿನಾರು ಪುಟಗಳು

ಬೆಳಗಿನ ಆರು ಗಂಟೆ. ಗ್ರಂಥಾಲಯದ ಹಿಂಬದಿಯ ಪುಟ್ಟ ಕೋಣೆಯಲ್ಲಿ ಅಂಟಿನ ಡಬ್ಬಿ ಆಗಲೇ ಬಿಸಿಯಾಗಿದೆ. ಎಲ್ಲರೂ ದಾರದಕ್ಕ ಎಂದೇ ಕರೆಯುವ ಹೆಂಗಸು ಮೇಣ ಸವರಿದ ದಾರವನ್ನು ಸೂಜಿಗೆ ಪೋಣಿಸಿ, ಬೆನ್ನು ಮುರಿದ ಪುಸ್ತಕವೊಂದನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಮುಖಪುಟದಲ್ಲಿ ಕೈಕಟ್ಟಿ ನಿಂತ ಮನುಷ್ಯ ಗೆಲುವಿನ ಗುಟ್ಟು ಹೇಳುತ್ತೇನೆಂದು ನಗುತ್ತಿದ್ದಾನೆ. ಅವನ ತಲೆ ಅರ್ಧ ಕಿತ್ತುಹೋಗಿದೆ.

"ಮೊದಲು ಇವನನ್ನ ಉದ್ಧಾರ ಮಾಡೋಣ ಇರಿ," ಎನ್ನುತ್ತಾರೆ.

ನಾನು ಬಂದ ಕಾರಣ ನನ್ನ ಚೀಲದಲ್ಲಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ದಿನಕ್ಕೆ ಒಂಬತ್ತು ಪುಸ್ತಕದಂತೆ ದಾರದಕ್ಕ ಹೊಲಿಯುತ್ತ ಬಂದದ್ದು ಇಪ್ಪತ್ತಾರು ವರ್ಷ. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಇಲ್ಲಿ ಕಸ ಗುಡಿಸಲು ಬಂದವರು. ಹಳೆಯ ಬೈಂಡರ್‌ಗೆ ವಯಸ್ಸಾಗಿ ಕೈ ಸೋತಾಗ ಸೂಜಿ ಇವರಿಗೆ ಬಂತು. ಶಾಲೆ ನಾಲ್ಕನೇ ಕ್ಲಾಸಿಗೇ ನಿಂತಿತ್ತು. ಮೂಲೆ ಹರಿದು ಅಂಕಿ ಮಾಯವಾದ ಪುಟಗಳನ್ನು ಜೋಡಿಸಲು ಸಾಲು ಸಾಲೂ ಓದಬೇಕಿತ್ತು, ಹಾಗೆ ಓದು ಮತ್ತೆ ಕೈಹಿಡಿಯಿತು.

ಅತಿ ಹೆಚ್ಚು ಹರಿಯುವುದು ವ್ಯಕ್ತಿತ್ವ ವಿಕಸನದ ಪುಸ್ತಕಗಳೇ. "ಮೊದಲಿನವು ಗದರಿಸ್ತಿದ್ದವು, ಬೇಗ ಏಳು, ನೆಟ್ಟಗೆ ಕೂರು ಅಂತ. ಆಮೇಲಿನವು ನಾಲ್ಕು ಜನರ ಮುಂದೆ ಮಾತಾಡು, ದೊಡ್ಡ ಮನುಷ್ಯ ಆಗು ಅಂದವು. ಈಗಿನವು ಪಾಪ, ಇವತ್ತಿಗೆ ಇಷ್ಟು ಸಾಕು, ಸ್ವಲ್ಪ ಉಸಿರಾಡ್ಕೋ ಅಂತಾವೆ."

ಓದುಗರ ಬಂಡವಾಳವೂ ಇವರಿಗೆ ಗೊತ್ತು. ನಲವತ್ತನೇ ಪುಟದವರೆಗೆ ಬೆರಳಿನ ಕೊಳೆ, ಚಹಾದ ಕಲೆ. ಅಲ್ಲಿಂದಾಚೆ ಹೊಚ್ಚ ಹೊಸದು. "ನಾನೇನು ಕಮ್ಮಿ? ಬೇಗ ಏಳೋ ಪುಸ್ತಕ ಓದ್ತಾ ಓದ್ತಾನೇ ನಿದ್ದೆ ಹೋಗಿದ್ದೀನಿ!"

ಒಂದು ತಪ್ಪು ಮಾತ್ರ ಇವರನ್ನು ಬಿಟ್ಟಿಲ್ಲ. ಆರು ವರ್ಷದ ಹಿಂದೆ ಎರಡು ಪುಸ್ತಕ ಬಿಚ್ಚಿಕೊಂಡು ಕೂತಿದ್ದರಂತೆ: ಒಂದು ಸಮಯ ಉಳಿಸುವುದರ ಬಗ್ಗೆ, ಇನ್ನೊಂದು ಮುನಿಸು ಮರೆಯುವುದರ ಬಗ್ಗೆ. ಓದುತ್ತ ಮೈಮರೆತು, ಮುನಿಸಿನ ಹದಿನಾರು ಪುಟದ ಕಂತೆಯನ್ನು ಸಮಯದ ಪುಸ್ತಕಕ್ಕೆ ಹೊಲಿದುಬಿಟ್ಟರು. ಗೊತ್ತಾಗುವಷ್ಟರಲ್ಲಿ ಯಾರೋ ಅದನ್ನು ಒಯ್ದಾಗಿತ್ತು. ಮುನಿಸಿನ ಪುಸ್ತಕಕ್ಕೆ ಬೇರೆ ಪ್ರತಿಯಿಂದ ಜೆರಾಕ್ಸ್ ಮಾಡಿಸಿ ಸೇರಿಸಿದರು. ಸಮಯದ್ದು ವಾಪಸು ಬರಲೇ ಇಲ್ಲ.

"ಜನ ನಂಬಿ ಒಯ್ತಾರೆ. ಕೆಡಿಸಿ ಕಳಿಸಿದೆನಲ್ಲ ಅಂತ ಇವತ್ತಿಗೂ ವಾಪಸು ಬಂದ ರಾಶಿಯಲ್ಲಿ ಹುಡುಕ್ತೀನಿ. ಅದೊಂದು ಕೈಗೆ ಸಿಕ್ಕಿದ್ರೆ ಸಾಕು."

ಚೀಲದಿಂದ ಆ ಪುಸ್ತಕ ತೆಗೆದು ಮೇಜಿನ ಮೇಲಿಡುತ್ತೇನೆ. ಒಯ್ದವನು ನಾನೇ. ಸಮಯ ಉಳಿಸಲು ಓದುತ್ತಿದ್ದವನಿಗೆ ನಡುವೆ ಸಿಕ್ಕ ಆ ಪುಟಗಳು, ಮಾತು ಬಿಟ್ಟಿದ್ದ ಅಣ್ಣನಿಗೆ ಫೋನ್ ಮಾಡಿಸಿದವು. ಅವನ ಜೊತೆ ಐದು ವರ್ಷ ಸಿಕ್ಕಿತು. ಕಳೆದ ವರ್ಷ ಅಣ್ಣ ಹೋದ. ಈ ತಾಯಿಯ ಕೈಗೆ ನಾನು ಋಣಿ. ಇಷ್ಟನ್ನೂ ಅವರಿಗೆ ಹೇಳುತ್ತೇನೆ.

ದಾರದಕ್ಕ ಪುಸ್ತಕ ತೆರೆದು ಆ ಪುಟಗಳನ್ನು ಒಂದೊಂದಾಗಿ ಮಗುಚುತ್ತಾರೆ. ಮತ್ತೆ ಕನ್ನಡಕ ಒರೆಸಿಕೊಂಡು ಗದರುತ್ತಾರೆ: "ಆರು ವರ್ಷ ಇಟ್ಕೋತಾರಾ ಯಾರಾದ್ರೂ?"

ಕಂತೆಯ ಹೊಲಿಗೆ ಸಡಿಲವಾಗಿದೆ. ಬಿಚ್ಚಿ ತೆಗೆಯುತ್ತಾರೆಂದುಕೊಳ್ಳುತ್ತೇನೆ. ಅವರು ಹೊಸ ದಾರಕ್ಕೆ ಮೇಣ ಸವರಿ, ಅದೇ ಹದಿನಾರು ಪುಟಗಳನ್ನು ಅದೇ ಜಾಗದಲ್ಲಿ ಬಿಗಿಯಾಗಿ ಹೊಲಿಯುತ್ತಾರೆ.

"ಕಪಾಟಿಗೆ ಇಡ್ತೀನಿ. ಇನ್ನೂ ಯಾರ್ಯಾರ ಅಣ್ಣಂದಿರು ಕಾಯ್ತಿದ್ದಾರೋ."