ಹಂಚಿಲ್ಲದೆ ಬಡಿದ ರೊಟ್ಟಿ

ನಮ್ಮತ್ತೆ ಸೂಗಮ್ಮ ಲಿಂಗಸುಗೂರು ಕಡೆಯವರು. ಹೈದರಾಬಾದಿಗೆ ಬಂದು ಒಂಬತ್ತು ವರ್ಷವಾದರೂ ಅವರ ಪಾಲಿಗೆ ಸನತ್‌ನಗರ ಅಂದರೆ ಲಿಂಗಸುಗೂರಿನದೇ ಒಂದು ದೂರದ ಓಣಿ. ತೆಲುಗು ಕಲಿಯಲಿಲ್ಲ. ಕನ್ನಡವನ್ನೇ ಜೋರಾಗಿ ಮಾತಾಡಿದರೆ ಎಲ್ಲರಿಗೂ ತಿಳಿಯುತ್ತದೆ ಎಂದು ನಂಬಿದ್ದಾರೆ. ನನಗೆ ಸಿಟ್ಟು ಬರುವುದು ಏಕೆಂದರೆ, ತಿಳಿಯುತ್ತದೆ ಕೂಡ. ನಾನು ತೆಲುಗಿನಲ್ಲಿ ಬೇಡಿಕೊಂಡರೂ ಸಿಗದ ಕೊತ್ತಂಬರಿ ಕೊಸರು ಅವರಿಗೆ ಕನ್ನಡದಲ್ಲಿ ಸಿಗುತ್ತದೆ.

ಅವರಿಗೆ ದಿನಾ ಜೋಳದ ರೊಟ್ಟಿ ಬೇಕು. ಅದನ್ನು ಲಟ್ಟಿಸಬಾರದು, ಬಡಿಯಬೇಕು. ಹೋದ ವರ್ಷ ಹಿಡಿದ ಈ ಮನೆ ಮೂರನೇ ಮಹಡಿಯಲ್ಲಿದೆ. ಎರಡನೆಯದರಲ್ಲಿ, ನಮ್ಮ ಅಡುಗೆಮನೆಯ ಸರಿ ಕೆಳಗೆ, ಮನೆ ಮಾಲಕಿ ಕಮಲಾಕ್ಷಿಯವರ ಗಂಡ ಮಲ್ಲಿಕಾರ್ಜುನ ರಾವ್ ಮಲಗುವ ಮಂಚ. ರಾವ್ ಅವರದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ. ಬೆಳಿಗ್ಗೆ ಹತ್ತಕ್ಕೆ ಅವರಿಗೆ ಕಣ್ಣು ಹತ್ತುವುದಕ್ಕೂ ಅತ್ತೆ ತಪ್ ತಪ್ ಶುರು ಮಾಡುವುದಕ್ಕೂ ಸರಿಹೋಗುತ್ತಿತ್ತು.

ಮಾಲಕಿ ಮೂರು ಸಲ ಬಂದು ಹೇಳಿದರು. ಅತ್ತೆ ರೊಟ್ಟಿ ಬಡಿಯುವ ಕಲ್ಲಿನ ಕೆಳಗೆ ಹಳೇ ಸೀರೆಗಳ ಕೌದಿ ಹಾಸಿದರು. ಕೌದಿಯ ಕೆಳಗೆ ಮಾವ ಅಮರೇಶಪ್ಪನವರ ಸ್ಕೂಟರಿನ ಹಳೇ ಟೈರು ಇಟ್ಟರು. ಕಲ್ಲು ಎತ್ತಿನ ಬಂಡಿಯಂತೆ ಓಲಾಡಿತೇ ಹೊರತು ಸದ್ದು ಕಡಿಮೆಯಾಗಲಿಲ್ಲ. ಕಡೆಗೆ ಕಮಲಾಕ್ಷಿಯವರು, ಏಪ್ರಿಲ್ ಕೊನೆಗೆ ಕರಾರು ಮುಗಿಯುತ್ತದೆ, ರೊಟ್ಟಿ ಬಿಡಿ ಇಲ್ಲವೇ ಮನೆ ಬಿಡಿ ಎಂದುಬಿಟ್ಟರು. ಅತ್ತೆ ಆ ದಿನ ಊಟ ಮಾಡಲಿಲ್ಲ. ನಾನು ಮಾತ್ರ ಒಳಗೊಳಗೇ ಮಾಲಕಿಯ ಪಕ್ಷ. ಮನೆ ಹುಡುಕುವ ಗೋಳಿಗಿಂತ ಚಪಾತಿಯೇ ಸುಖ ಅನ್ನಿಸಿತ್ತು.

ಏಪ್ರಿಲ್ ಕೊನೆಯ ಭಾನುವಾರ, ಸಂಜೆ ನಾಲ್ಕಕ್ಕೆ ಆಕಾಶ ಕಪ್ಪಾಯಿತು. ಗಾಳಿ ಎದ್ದು ಎದುರು ಮನೆಯ ತಗಡು ಹಾರಿ ಬಂದು ನಮ್ಮ ಟೆರೇಸಿನ ಮೇಲೆ ಬಿತ್ತು. ಕರೆಂಟು ಹೋಯಿತು. ಆಮೇಲೆ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು. ಮಾವ ಊಟದ ಮೇಜಿನ ಕೆಳಗೆ ಹೋಗಿ ಕೂತು, ಇದು ಹೆದರಿಕೆಯಲ್ಲ, ಮುನ್ನೆಚ್ಚರಿಕೆ ಎಂದರು. ನನ್ನ ಗಂಡ ಕಲ್ಲೇಶ ಕಿಟಕಿಗೆ ಗಾದಿ ಒತ್ತಿ ಹಿಡಿದು ನಿಂತರು. ಅತ್ತೆ ಅಡುಗೆಮನೆಗೆ ಹೋಗಿ ರೊಟ್ಟಿ ಸುಡುವ ಕಬ್ಬಿಣದ ಹಂಚು ತಂದರು.

ಅವರ ತವರಿನಲ್ಲಿ ಆಲಿಕಲ್ಲು ಬಿದ್ದರೆ ಹಂಚನ್ನು ಅಂಗಳಕ್ಕೆ ಎಸೆಯುತ್ತಾರಂತೆ. ಹಂಚು ನೆಲ ಮುಟ್ಟಿದರೆ ಆಲಿಕಲ್ಲು ನಿಲ್ಲುತ್ತದಂತೆ. ನಮ್ಮ ಅಂಗಳ ಮೂರು ಮಹಡಿ ಕೆಳಗಿತ್ತು, ಅಲ್ಲಿ ರಾವ್ ಅವರ ಹೊಸ ಕಾರು ನಿಂತಿತ್ತು. ಗಾದಿ ಬಿಟ್ಟು ಬಂದ ಗಂಡನೂ ನಾನೂ ಅತ್ತೆಯ ಕೈ ಹಿಡಿದು ಜಗ್ಗಾಡಿದೆವು. ಕಡೆಗೆ ಹಂಚಿನ ಕಿವಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ಬಾಲ್ಕನಿಯಿಂದ ಮೆಲ್ಲಗೆ ಇಳಿಬಿಡುವುದೆಂದು ರಾಜಿಯಾಯಿತು. ಗಂಟು ಹಾಕಿದವಳು ಎಂ.ಕಾಂ. ಓದಿದ ನಾನೇ.

ಹಂಚು ಇಳಿಯಿತು, ಅರ್ಧಕ್ಕೆ ನಿಂತಿತು. ಎಳೆದರೆ ಬರಲಿಲ್ಲ. ಇನ್ನಷ್ಟು ಎಳೆದರೆ ಕೆಳಗಿನಿಂದ ಯಾರೋ ತಿರುಗಿ ಎಳೆದರು.

“ಯಾರ್ರೀ ಅದು ನನ್ನ ಹಂಚು ಹಿಡ್ಕೊಂಡವ್ರು?” ಎಂದು ಅತ್ತೆ ಬಗ್ಗಿ ನೋಡಿದರು.

ಮಾಲಕಿ. ಅವರ ಬಾಲ್ಕನಿ ನಮ್ಮದಕ್ಕಿಂತ ಮುಂದೆ ಚಾಚಿದೆ, ಮೇಲೆ ಮುಚ್ಚಿಗೆಯಿಲ್ಲ. ಒಣಗಿದ ಬಟ್ಟೆ ತೆಗೆಯಲು ಬಂದವರ ಹಿಂದೆ ಬಾಗಿಲು ಗಾಳಿಗೆ ಬಡಿದು ಒಳಗಿನ ಚಿಲಕ ಬಿದ್ದುಬಿಟ್ಟಿತ್ತು. ಕೂಗಿ ಕೂಗಿ ಸೋತ ಹೊತ್ತಿಗೆ ಮೇಲಿನಿಂದ ಹಂಚು ಇಳಿದಿತ್ತು. ಅದನ್ನೇ ತಲೆಯ ಮೇಲೆ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ಆಲಿಕಲ್ಲು ಹಂಚಿನ ಮೇಲೆ ಠಣ್ ಠಣ್ ಎನ್ನುತ್ತಿತ್ತು.

ನನ್ನ ಗಂಡ ಕೆಳಗೆ ಓಡಿ ಮಾಲಕಿಯ ಮನೆ ಬಾಗಿಲು ಬಡಿದರು, ಒದ್ದರು, ಫೋನು ಮಾಡಿದರು. ಒಳಗೆ ರಾವ್ ಅವರ ಗೊರಕೆ ಒಂದೇ ಸಮ. ರೊಟ್ಟಿ ಸದ್ದಿಗೆ ನಿದ್ದೆ ಹತ್ತುವುದಿಲ್ಲ ಎಂದ ಮನುಷ್ಯ ತಗಡು ಹಾರಿ ಬಿದ್ದರೂ ಎದ್ದಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಕಮಲಾಕ್ಷಿಯವರ ಮೊಣಕೈಗೆ ಆಲಿಕಲ್ಲು ಬಿದ್ದು ಅವರು ಅಳುವುದು ಕೇಳಿಸಿತು. ಅತ್ತೆ ಸೀದಾ ಅಡುಗೆಮನೆಗೆ ನಡೆದರು.

“ಮಾನಸಾ, ಕಲ್ಲಿನ ಕೆಳಗಿನ ಕೌದಿ ತಗಿ. ಟೈರೂ ತಗಿ. ಹಿಟ್ಟಿಗೆ ನೀರು ಹಾಕು.”

ಹಂಚೇ ಇಲ್ಲದಾಗ ಎಂಥ ರೊಟ್ಟಿ ಎಂದು ನಾನು ರೇಗಿದೆ.

“ಸುಡಾಕಲ್ಲವ್ವಾ, ಬಡ್ಯಾಕ.”

ಬರೀ ನೆಲದ ಮೇಲೆ ಕಲ್ಲಿಟ್ಟು, ಸೆರಗು ಸಿಕ್ಕಿಸಿ ಕೂತರು. ತಿಂಗಳುಗಟ್ಟಲೆ ಹೆದರಿ ಹೆದರಿ ಬಡಿದ ಕೈ ಅಂದು ಯಾರ ಮುಲಾಜೂ ಇಟ್ಟುಕೊಳ್ಳಲಿಲ್ಲ. ತಪ್ ತಪ್ ತಪ್. ಮೊದಲ ರೊಟ್ಟಿ ಅಂಗೈಯಗಲ ಆಗುವಷ್ಟರಲ್ಲಿ ಕೆಳಗೆ ಗೊರಕೆ ನಿಂತಿತಂತೆ. ಈ ರೊಟ್ಟಿಯವರನ್ನು ಇವತ್ತೇ ಖಾಲಿ ಮಾಡಿಸುತ್ತೇನೆ ಎಂದು ತೆಲುಗಿನಲ್ಲಿ ಬೈಯುತ್ತ ರಾವ್ ಬಾಗಿಲು ತೆಗೆದು ಬಂದು, ಹೊಸ್ತಿಲಲ್ಲಿ ನಿಂತಿದ್ದ ನನ್ನ ಗಂಡನಿಗೆ ಡಿಕ್ಕಿ ಹೊಡೆದರು. ಮಳೆ ಬಂತಾ ಎಂದು ಕೇಳಿದರಂತೆ.

ಕಾಲು ಗಂಟೆಯಲ್ಲಿ ಆಲಿಕಲ್ಲು ನಿಂತಿತು. ಹಂಚು ನೆಲ ಮುಟ್ಟಲೇ ಇಲ್ಲವಲ್ಲ ಎಂದು ಮಾವ ಮೇಜಿನ ಕೆಳಗಿನಿಂದಲೇ ತಕರಾರು ತೆಗೆದರು. ಮಾಲಕಿ ಕೂತದ್ದು ನೆಲದ ಮೇಲೆಯೇ ಅಲ್ಲವೇ ಎಂದು ಅತ್ತೆ ಮುಗಿಸಿದರು.

ಕಮಲಾಕ್ಷಿಯವರು ಹಂಚು ಹಿಡಿದು ಮೇಲೆ ಬಂದರು. ಹಣೆ, ಕೂದಲು, ಮೂಗಿನ ತುದಿಗೆಲ್ಲ ಹಂಚಿನ ಮಸಿ. ಕರಾರು ಮುಂದುವರಿಸುತ್ತೇನೆ, ಆದರೆ ಒಂದು ಷರತ್ತು ಎಂದರು. ಅತ್ತೆ ಸೆರಗಿನ ತುದಿ ಹಿಂಡುತ್ತ ನಿಂತರು. ಬೆಳಿಗ್ಗೆ ಬಡಿಯಬಾರದು, ದಿನಾ ಸಂಜೆ ಐದಕ್ಕೆ ಬಡಿಯಬೇಕು, ಅದೂ ಕೌದಿ ಇಲ್ಲದೆ. ಮೂರು ಅಲಾರಾಂ ಇಟ್ಟರೂ ಏಳದ ಗಂಡನನ್ನು ಪಾಳಿಗೆ ಎಬ್ಬಿಸಿ ಎಬ್ಬಿಸಿ ನನಗೆ ಸಾಕಾಗಿದೆ ಎಂದರು.

ಅತ್ತೆ ಹಂಚು ತೊಳೆದು ಒಲೆಗಿಟ್ಟು, ಹಿಟ್ಟು ಮತ್ತೆ ನಾದಿ, ಬಡಿದು ಸುಟ್ಟು, ಮೊದಲ ರೊಟ್ಟಿಯನ್ನು ಖಾರದ ಶೇಂಗಾ ಹಿಂಡಿ ಪುಡಿ ಹಾಕಿ ಮಾಲಕಿಯ ಕೈಗೆ ಕೊಟ್ಟರು. ಅತ್ತೆಯ ಕಣ್ಣು ತುಂಬಿತ್ತು. ರೊಟ್ಟಿ ಬಡಿಯಿರಿ ಎಂದು ಈ ಊರಿನಲ್ಲಿ ಅವರನ್ನು ಕೇಳಿದವರು ಕಮಲಾಕ್ಷಿಯವರೇ ಮೊದಲು. ಸೊಸೆಯಾದ ನಾನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಗಿ ನಾನೂ ಒಂದು ತಟ್ಟೆ ತೆಗೆದುಕೊಂಡು ಬಂದು ಕೂತೆ.

“ನಿನಗ ಚಪಾತಿ ಬೇಕಾಗಿತ್ತಲ್ಲವ್ವಾ?” ಎಂದರು ಅತ್ತೆ, ಹಂಚಿನಿಂದ ಕಣ್ಣು ತೆಗೆಯದೆ.

ನಾನು ತಟ್ಟೆಯನ್ನು ಮುಂದೆ ತಳ್ಳಿದೆ.