ಹನ್ನೆರಡು ಮಿಲಿಮೀಟರಿನ ಪಟ್ಟಿ

ಅವರ ಎಡ ಮುಂಗೈಯ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳಿದ್ದವು. ಮೂವತ್ತು ವರ್ಷ ವೆಲ್ಡಿಂಗ್ ಕಿಡಿ ಬಿದ್ದ ಗುರುತು. ಆ ಕೈಯ ಎರಡು ಬೆರಳ ನಡುವೆ ಉಕ್ಕಿನ ಪ್ಲೇಟಿನ ಅಂಚು ಹಿಡಿದು ಮೇಸ್ತ್ರಿ "ಹನ್ನೆರಡು" ಅನ್ನುತ್ತಿದ್ದರು. ಆಮೇಲೂ ವರ್ನಿಯರ್ ಇಟ್ಟು ಅಳೆಯುತ್ತಿದ್ದರು. ತಮ್ಮ ಬೆರಳನ್ನೂ ಅವರು ಪೂರ್ತಿ ನಂಬುತ್ತಿರಲಿಲ್ಲ.

ರಾಯಚೂರಿನ ಆ ವರ್ಕ್‌ಶಾಪಿಗೆ ನಾನು ಗುಣಮಟ್ಟ ನೋಡುವ ಎಂಜಿನಿಯರ್ ಆಗಿ ಸೇರಿದ್ದೆ. ಅವರು ಮಾನ್ವಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಓದಿದ್ದು ಏಳನೇ ತರಗತಿ. ಯಾವ ವೆಲ್ಡಿಂಗ್ ವಿಧಾನಕ್ಕೂ ಮೊದಲು ಪರೀಕ್ಷೆ ಆಗಬೇಕು. ಒಂದು ಪ್ಲೇಟನ್ನು ಬೆಸೆದು, ಪಟ್ಟಿ ಕತ್ತರಿಸಿ, ಬಗ್ಗಿಸಿ ನೋಡುತ್ತಾರೆ. ಹನ್ನೆರಡು ಮಿಲಿಮೀಟರಿನದು ಬಿರುಕು ಬಿಡದೆ ಬಗ್ಗಿದರೆ ಐದರಿಂದ ಇಪ್ಪತ್ನಾಲ್ಕು ಮಿಲಿಮೀಟರ್ ದಪ್ಪದವರೆಗೆ ಆ ವಿಧಾನ ನಡೆಯುತ್ತದೆ. ಕೋಷ್ಟಕ ನನಗೆ ಬಾಯಿಪಾಠವಿತ್ತು. ಕಾರಣ ಹೇಳಿದವರು ಅವರು.

"ತೆಳ್ಳನ ರೊಟ್ಟಿ ಬೇಯೋ ಉರಿಯಾಗ ದಪ್ಪ ರೊಟ್ಟಿ ಹಾಕಿ ನೋಡು ತಂಗಿ. ಮ್ಯಾಲ ಬೆಂದಿರ್ತದ, ಒಳಗ ಹಸಿ."

ಬಗ್ಗಿಸಿದ ಪ್ರತಿ ಪಟ್ಟಿಗೂ ನಂಬರು ಹೊಡೆದು, ತಂತಿಗೆ ಪೋಣಿಸಿ ಗೋಡೆಗೆ ತೂಗುಹಾಕುವುದು ಅವರ ಪದ್ಧತಿ. ಗುಜರಿಗೆ ಒಂದನ್ನೂ ಕೊಡುತ್ತಿರಲಿಲ್ಲ.

ದೇವದುರ್ಗದ ಕಡೆಯ ಏತ ನೀರಾವರಿಯ ಪೈಪಿನ ಕೆಲಸ ಬಂದಾಗ, ನಕ್ಷೆ ಬದಲಾಗಿ ಇಪ್ಪತ್ತೆಂಟು ಮಿಲಿಮೀಟರಿನ ಪ್ಲೇಟು ಇಳಿಯಿತು. ನಮ್ಮ ಪರೀಕ್ಷೆ ಹನ್ನೆರಡರದು, ಇಪ್ಪತ್ನಾಲ್ಕರವರೆಗೆ ಮಾತ್ರ ನಡೆಯುವಂಥದ್ದು. ಹೊಸದಕ್ಕೆ ಹತ್ತು ದಿನ ಬೇಕು. ಮಾಲೀಕರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಪರೀಕ್ಷೆಯಾಗದೆ ಬೆಸೆಯಲು ಮೇಸ್ತ್ರಿ ಒಪ್ಪಲಿಲ್ಲ.

"ಏನ್ ಮೇಸ್ತ್ರಿ, ನಾಕು ಮಿಲಿಮೀಟರಿಗೆ ಇಷ್ಟು ಕುಣೀತಿ? ಎರಡು ಬೆಂಕಿಕಡ್ಡಿ ದಪ್ಪ ಅದ!"

"ಹಂಗಿದ್ರ ಕಡ್ಡಿ ಗೀರೇ ವೆಲ್ಡ್ ಮಾಡ್ರಿ, ಸಾಹುಕಾರ್ರ."

ಎಲ್ಲರೂ ನಕ್ಕರು, ಮಾಲೀಕರೂ ನಕ್ಕರು. ಆಮೇಲೆ ನನ್ನನ್ನು ಒಳಗೆ ಕರೆದರು. ದಾಖಲೆಯಲ್ಲಿ ಪರೀಕ್ಷೆಯ ಪ್ಲೇಟು ಹನ್ನೆರಡರ ಬದಲು ಹದಿನಾಲ್ಕು ಎಂದಾದರೆ ಸಾಕು. ಅದರ ಎರಡರಷ್ಟು ಇಪ್ಪತ್ತೆಂಟು. "ಒಂದೇ ಅಂಕಿ ಅಲ್ಲೇನ್ರಿ ಮೇಡಂ?" ನನ್ನ ಕೆಲಸ ಕಾಯಂ ಆಗುವುದು ಮುಂದಿನ ವಾರಕ್ಕಿತ್ತು. ನಾನು ತಿದ್ದಲಿಲ್ಲ, ತಿದ್ದಿದರೆ ಗುರುತು ಉಳಿಯುತ್ತದೆ. ಹೊಸ ಹಾಳೆಯಲ್ಲಿ ಇಡೀ ದಾಖಲೆ ಬರೆದು ಸಹಿ ಹಾಕಿದೆ.

ಮರುದಿನ ಮೇಸ್ತ್ರಿ ಅದನ್ನು ಓದಿದರು. ಗೋಡೆಯಿಂದ ಆ ಪರೀಕ್ಷೆಯ ಪಟ್ಟಿ ಬಿಚ್ಚಿ ತಂದು, ನನ್ನೆದುರೇ ಅಳೆದು, ಹಾಳೆಯ ಮೇಲಿಟ್ಟರು.

"ಕಾಗದ ದಪ್ಪ ಆಗ್ಯದ ಮೇಡಂ. ಕಬ್ಬಿಣ ಆಗಿಲ್ಲ."

ತಂಗಿ ಅನ್ನುವುದು ಅಲ್ಲಿಗೆ ಮುಗಿಯಿತು. ಆ ಬೆಸುಗೆಗೆ ಕೈ ಹಚ್ಚದೆ ಅವರು ಕೆಲಸ ಬಿಟ್ಟರು, ಇನ್ನೊಬ್ಬ ಮಾಡಿದ. ಅವರು ತಕರಾರಿನ ಮನುಷ್ಯ ಎಂಬ ಮಾತನ್ನು ಮಾಲೀಕರು ಊರಿನ ಎಲ್ಲ ವರ್ಕ್‌ಶಾಪಿಗೂ ಮುಟ್ಟಿಸಿದ್ದರು. ಯಾರೂ ಕರೆಯಲಿಲ್ಲ. ಮಾನ್ವಿಯಲ್ಲಿ ಕಿಟಕಿಯ ಗ್ರಿಲ್ ಮಾಡಿಕೊಂಡು ಉಳಿದರು.

ಎರಡು ವರ್ಷದ ನಂತರ, ಎದೆಯ ಕಾಯಿಲೆ ಎಂದು ಕೇಳಿ ನೋಡಲು ಹೋದೆ. ಕ್ಷಮೆಯ ಮಾತನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅವರೇ ಮೊದಲು ಕೇಳಿದರು:

"ಆ ಪೈಪಿನ ಜೋಡು ಹಿಡದದೇನ್ರಿ?"

"ಹಿಡದದ, ಮೇಸ್ತ್ರಿ."

"ಛಲೋ ಆತು. ಅಲ್ಲಿ ಮಂದಿ ಅಡ್ಡಾಡ್ತಾರ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ಆದ್ರ ಅದು ನಸೀಬು. ಪರೀಕ್ಷಿ ಅಲ್ಲ."

ಜೋಡಿಸಿಕೊಂಡಿದ್ದ ಮಾತನ್ನು ಹಾಗೇ ಹೊತ್ತು ರಾಯಚೂರಿನ ಬಸ್ಸು ಹತ್ತಿದೆ. ಅದೇ ತಿಂಗಳು ಅವರು ತೀರಿಕೊಂಡರು.

ಪೈಪಿನಲ್ಲಿ ಈಗಲೂ ನೀರು ಹರಿಯುತ್ತಿದೆ. ಮೇಸ್ತ್ರಿಯ ಮೊಂಡುತನಕ್ಕೆ ಮಾಲೀಕರು ಅದನ್ನೇ ಉದಾಹರಣೆ ಕೊಡುತ್ತಾರೆ. ಆ ಪಟ್ಟಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ಹೊಸ ದಾಖಲೆಗೆ ಸಹಿ ಹಾಕುವ ಮೊದಲು ಅದನ್ನೊಮ್ಮೆ ಅಳೆಯುತ್ತೇನೆ. ಪ್ರತಿ ಸಲವೂ ಹನ್ನೆರಡು. ಕಡತದಲ್ಲಿ ಮಾತ್ರ, ನನ್ನ ದುಂಡನೆಯ ಅಕ್ಷರದಲ್ಲಿ, ಹದಿನಾಲ್ಕು ಎಂದೇ ಇದೆ.